ಲೋಹಶೋಧಕ ಯಂತ್ರವೂ ಅದರ ನೆಲವೂ

ಲೋಹಶೋಧಕ ಯಂತ್ರಗಳಲ್ಲಿ ಎಲ್ಲಕ್ಕಿಂತ ಉತ್ತಮವಾದುದು ಯಾವುದು ಎಂದು ನಮ್ಮನ್ನು ಕೇಳುವವರುಂಟು. ಈ ಪ್ರಶ್ನೆಗೆ ನೇರವಾದ ಉತ್ತರವಿಲ್ಲ. ಶಿಂಷಾ ನದಿಯಲ್ಲಿ ಬಲೆ ಬೀಸುವ ಮೀನುಗಾರನನ್ನು, ಬಲೆಗಳಲ್ಲಿ ಉತ್ತಮವಾದುದು ಯಾವುದೆಂದು ಕೇಳಿದರೆ ಅವನು ನಕ್ಕು, ಯಾವ ಮೀನು, ಎಷ್ಟು ನೀರು, ಹರಿಯುವ ನೀರೋ ನಿಂತ ಮಡುವೋ ಎಂದು ನಮ್ಮನ್ನೇ ತಿರುಗಿ ಕೇಳುತ್ತಾನೆ. ಲೋಹಶೋಧಕದ ವಿಚಾರವೂ ಹೀಗೆಯೇ. ಹುಡುಕುವ ವಸ್ತು ಯಾವುದು, ಅದು ಯಾವುದರೊಳಗೆ ಹುದುಗಿದೆ, ಎಷ್ಟು ದೂರದಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಯಂತ್ರದ ಹೆಸರನ್ನೆತ್ತುವುದು ವ್ಯರ್ಥ. ಈ ಮಾತನ್ನು ಬಿಡಿಸಿ ಹೇಳುವುದಕ್ಕೆ ನಾವು ದೂರದ ಉದಾಹರಣೆಗಳನ್ನು ಅರಸಬೇಕಾದುದಿಲ್ಲ. ಮಂಡ್ಯದಲ್ಲಿ ಕಬ್ಬಿನೊಡನೆ ಗಾಣಕ್ಕೆ ಬೀಳುವ ಕಬ್ಬಿಣ, ಮದ್ದೂರಿನಲ್ಲಿ ಹಸುವಿನ ಹೊಟ್ಟೆಯ ಮೊಳೆ, ಮಳವಳ್ಳಿಯಲ್ಲಿ ಹಳೆಯ ರಣರಂಗದ ಸೀಸದ ಗುಂಡು: ಒಂದೇ ಜಿಲ್ಲೆಯ ಈ ಮೂರು ಶೋಧಗಳು ಮೂರು ಬೇರೆ ಯಂತ್ರಗಳನ್ನು ಬೇಡುತ್ತವೆ. ಏಕೆ ಬೇಡುತ್ತವೆ ಎಂಬುದೇ ಈ ದಿನದ ನಮ್ಮ ವಿಷಯ.

ಮೊದಲು ಯಂತ್ರದ ತತ್ತ್ವವನ್ನು ನೋಡೋಣ. ಬದಲಾಗುತ್ತಿರುವ ಕಾಂತಕ್ಷೇತ್ರವು ತನ್ನ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ ಮಹಾಶಯನು 1831ರಲ್ಲಿ ತೋರಿಸಿಕೊಟ್ಟನು. ಲೋಹಶೋಧಕದ ತಳದಲ್ಲಿರುವ ತಾಮ್ರದ ತಂತಿಯ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರ ಕೆಳಗೆ ಲೋಹವೊಂದಿದ್ದರೆ ಆ ಲೋಹದೊಳಗೆ, ಹೊಳೆಯ ಸುಳಿಗಳಂತೆ, ಪುಟ್ಟ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಆದ ಕ್ಷೀಣವಾದ ಕಾಂತಕ್ಷೇತ್ರವನ್ನು ಹರಡುತ್ತವೆ. ಯಂತ್ರದ ಎರಡನೆಯ ಸುರುಳಿ ಅದನ್ನು ಗ್ರಹಿಸಿ ಧ್ವನಿಯಾಗಿ ಮಾರ್ಪಡಿಸುತ್ತದೆ. ಎಂದಮೇಲೆ, ಯಂತ್ರವು ಚಿನ್ನವನ್ನೂ ಕಾಣುವುದಿಲ್ಲ, ಮೊಳೆಯನ್ನೂ ಕಾಣುವುದಿಲ್ಲ. ತಾನು ಕಳುಹಿಸಿದ ಕರೆಗೆ ಬಂದ ಮರುದನಿಯನ್ನು ಮಾತ್ರ ಅದು ಕೇಳುತ್ತದೆ. ಆ ಮರುದನಿ ಬೇಕಾದ ವಸ್ತುವಿನಿಂದ ಬಂದಿತೋ ಸುತ್ತಲಿನ ಬೇಡದ ವಸ್ತುವಿನಿಂದ ಬಂದಿತೋ ಎಂಬ ವಿವೇಚನೆಯಲ್ಲಿಯೇ ಈ ವಿದ್ಯೆಯ ಕಷ್ಟವೆಲ್ಲ ಅಡಗಿದೆ.

ಇದಕ್ಕೆ ಚರಿತ್ರೆಯಲ್ಲಿಯೇ ಒಂದು ದಾರುಣವಾದ ನಿದರ್ಶನವಿದೆ. 1881ನೆಯ ಇಸವಿ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನಿಗೆ ಗುಂಡೇಟು ತಗಲಿತು. ಗುಂಡು ದೇಹದೊಳಗೆ ಎಲ್ಲಿದೆಯೆಂದು ವೈದ್ಯರಿಗೆ ತಿಳಿಯದೆ, ಟೆಲಿಫೋನಿನ ನಿರ್ಮಾಪಕನಾದ ಗ್ರಹಾಂ ಬೆಲ್ಲನು ಸುರುಳಿಗಳ ಉಪಕರಣವೊಂದನ್ನು ಸಿದ್ಧಪಡಿಸಿ ಹಾಸಿಗೆಯ ಬಳಿಗೆ ತಂದನು. ಪ್ರಯೋಗಶಾಲೆಯಲ್ಲಿ ತಪ್ಪದೆ ನುಡಿದಿದ್ದ ಉಪಕರಣವು ರೋಗಿಯ ಮೈಮೇಲೆ ಎಲ್ಲೆಂದರಲ್ಲಿ ಗುಯ್‌ಗುಟ್ಟಿತು. ಹಾಸಿಗೆಯಲ್ಲಿ ಉಕ್ಕಿನ ತಂತಿಗಳಿದ್ದವೆಂಬುದು ಆಮೇಲೆ ತಿಳಿಯಿತು. ಅಲ್ಲದೆ ಮುಖ್ಯ ವೈದ್ಯನು ಗುಂಡು ಬಲಗಡೆಯಲ್ಲಿದೆಯೆಂದೇ ನಿಶ್ಚಯಿಸಿ ಆ ಕಡೆಯನ್ನೇ ಶೋಧಿಸಗೊಟ್ಟನು. ಸೆಪ್ಟೆಂಬರ್ 19ರಂದು ಅಧ್ಯಕ್ಷನು ತೀರಿಕೊಂಡ ಮೇಲೆ ನೋಡಲಾಗಿ ಗುಂಡು ಎಡಗಡೆಯಲ್ಲಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ, ಯಂತ್ರಕ್ಕೂ ಅದನ್ನು ಬಳಸಿದ ಸನ್ನಿವೇಶಕ್ಕೂ ಹೊಂದಿಕೆಯಿರಲಿಲ್ಲ.

ಹೊಂದಿಕೆಯ ಮಾತಿನಲ್ಲಿ ಮೊದಲನೆಯದು ದೂರ. ಸುರುಳಿಯಿಂದ ಹೊರಟ ಕ್ಷೇತ್ರವು ದೂರ ಹೋದಂತೆ ಬಹು ಬೇಗ ಕ್ಷೀಣಿಸುತ್ತದೆ; ಮರುದನಿಯೂ ಹಿಂತಿರುಗುವ ದಾರಿಯಲ್ಲಿ ಅಷ್ಟೇ ಬೇಗ ಕ್ಷೀಣಿಸುತ್ತದೆ. ಎರಡೂ ಸೇರಿ, ಸುರುಳಿಯ ಅಗಲಕ್ಕಿಂತ ಹೆಚ್ಚು ಆಳದಲ್ಲಿರುವ ಸಣ್ಣ ವಸ್ತುವಿನ ದೂರವನ್ನು ಇಮ್ಮಡಿ ಮಾಡಿದರೆ ದನಿ ಸುಮಾರು 64ರಲ್ಲಿ ಒಂದು ಪಾಲಾಗುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರಗಳು ಒಂದು ನಾಣ್ಯವನ್ನು ಗೇಣುದ್ದದ ಆಳದಲ್ಲಿ, ಬಹಳವಾದರೆ ಅದಕ್ಕಿಂತ ತುಸು ಕೆಳಗೆ, ಗುರುತಿಸಬಲ್ಲವೇ ಹೊರತು ಆಳುದ್ದದ ಕೆಳಗಲ್ಲ. ಸುರುಳಿಯನ್ನು ದೊಡ್ಡದು ಮಾಡಿದರೆ ಆಳ ಹೆಚ್ಚುತ್ತದೆಯಲ್ಲವೇ ಎಂದರೆ, ದೊಡ್ಡ ವಸ್ತುಗಳಿಗೆ ಹೆಚ್ಚುತ್ತದೆ. ಆದರೆ ದೊಡ್ಡ ಸುರುಳಿಯು ಸಣ್ಣ ವಸ್ತುವನ್ನು ಮೇಲ್ಪದರದಲ್ಲಿಯೇ ತಪ್ಪಿಸಿಕೊಳ್ಳಬಹುದು. ಹೆಚ್ಚು ಮಣ್ಣನ್ನು ಒಮ್ಮೆಗೇ ನೋಡುವುದರಿಂದ ಮಣ್ಣಿನ ಗದ್ದಲವನ್ನೂ ಹೆಚ್ಚಾಗಿ ಕೇಳುತ್ತದೆ. ಜರಡಿಯ ಕಣ್ಣಿನಂತೆ ಸುರುಳಿಗೂ ಕೆಲಸಕ್ಕೆ ತಕ್ಕ ಅಳತೆಯುಂಟು.

ಎರಡನೆಯದು ಕಂಪನದ ವೇಗ. ಸೆಕೆಂಡಿಗೆ ಐದಾರು ಸಾವಿರ ಸಲ ಕಂಪಿಸುವ ಯಂತ್ರವು ಬೆಳ್ಳಿ ತಾಮ್ರಗಳಂತಹ ಒಳ್ಳೆಯ ವಾಹಕಗಳ ದಪ್ಪ ವಸ್ತುಗಳಿಗೆ ಅನುಕೂಲ. ನಲವತ್ತು ಐವತ್ತು ಸಾವಿರ ಸಲ ಕಂಪಿಸುವುದು ಅಕ್ಕಿಕಾಳಿನಷ್ಟು ಸಣ್ಣ ಚಿನ್ನದ ಹರಳಿಗೆ ಅನುಕೂಲ. ಆದರೆ ಅದು ನೆಲದ ಖನಿಜಗಳಿಂದಲೂ ಉಪ್ಪಿನಿಂದಲೂ ಬೇಗ ಕದಡುತ್ತದೆ. ಇವೆರಡರ ನಡುವಣ ಹತ್ತರಿಂದ ಇಪ್ಪತ್ತು ಸಾವಿರದ ವೇಗವು ಎಲ್ಲಕ್ಕೂ ಒಂದಿಷ್ಟು ಒದಗುವ ಮಧ್ಯಮ ಮಾರ್ಗ. ಮರುದನಿಯು ಕರೆಗಿಂತ ಎಷ್ಟು ಹಿಂದೆ ಬೀಳುತ್ತದೆ ಎಂಬುದನ್ನು ಅಳೆದು, ಕಬ್ಬಿಣವನ್ನೂ ಇತರ ಲೋಹಗಳನ್ನೂ ಬೇರ್ಪಡಿಸುವ ವಿಂಗಡಣೆಯ ಏರ್ಪಾಡು ಈ ಜಾತಿಯ ಯಂತ್ರಗಳಲ್ಲಿದೆ. ಇನ್ನೊಂದು ಜಾತಿಯ ಯಂತ್ರವು ಎಡೆಬಿಡದೆ ಕೂಗುವುದಿಲ್ಲ. ಒಮ್ಮೆ ಜೋರಾಗಿ ಮಿಡಿದು, ಸುಮ್ಮನಾಗಿ, ಕಿವಿಗೊಡುತ್ತದೆ. ಸಾಮಾನ್ಯವಾಗಿ ಮಣ್ಣಿನ ಮತ್ತು ಉಪ್ಪುನೀರಿನ ಮರುದನಿ ಬೇಗ ಅಡಗುವುದರಿಂದಲೂ ಲೋಹದ ದನಿ ಕ್ಷಣಕಾಲ ಉಳಿಯುವುದರಿಂದಲೂ ಈ ಮಿಡಿತದ ಯಂತ್ರವು ಕೆಟ್ಟ ನೆಲದಲ್ಲಿಯೂ ಆಳಕ್ಕೆ ಇಳಿಯಬಲ್ಲುದು. ಆಸ್ಟ್ರೇಲಿಯದ ಚಿನ್ನದ ಬಯಲುಗಳಲ್ಲಿ ಇದರ ಬಳಕೆ ಹೆಚ್ಚು. ಆದರೆ ಇದಕ್ಕೆ ವಿಂಗಡಣೆಯ ಶಕ್ತಿ ಕಡಮೆ. ಲಾಳದ ಮೊಳೆಗೂ ಬೆಳ್ಳಿಯ ರೂಪಾಯಿಗೂ ಹೆಚ್ಚು ಭೇದವೆಣಿಸದು.

ಈ ಮೂಲಾಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಮಂಡ್ಯಕ್ಕೆ ಬರೋಣ. ಕೃಷ್ಣರಾಜಸಾಗರದ ನಾಲೆಯ ನೀರು ಬಂದ ಮೇಲೆ ಕಬ್ಬು ಈ ಸೀಮೆಯ ಮುಖ್ಯ ಬೆಳೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಗಾಡಿಯಲ್ಲಿಯೂ ಟ್ರ್ಯಾಕ್ಟರಿನಲ್ಲಿಯೂ ಬರುವ ಕಬ್ಬಿನ ಹೊರೆಯೊಳಗೆ ಮುರಿದ ಮಚ್ಚು, ಗಾಡಿಯ ಕಡಾಣಿ, ಸರಪಣಿಯ ಕೊಂಡಿ ಸೇರಿಕೊಳ್ಳುವುದುಂಟು. ಇಂತಹ ಒಂದು ತುಂಡು ಕಬ್ಬನ್ನು ಸಿಗಿಯುವ ಅಲಗುಗಳಿಗೋ ಅರೆಯುವ ಉರುಳೆಗಳಿಗೋ ಸಿಕ್ಕಿತೆಂದರೆ ಲೋಹಕ್ಕೆ ಲೋಹ ತಗಲಿ ಹಲ್ಲುಗಳು ಮುರಿಯುತ್ತವೆ, ಗಾಣ ನಿಲ್ಲುತ್ತದೆ. ಕಟಾವಾದ ಕಬ್ಬು ಕಾದಷ್ಟೂ ಅದರ ಸಕ್ಕರೆಯ ಅಂಶ ಇಳಿಯುವುದರಿಂದ ನಷ್ಟವು ರೈತನವರೆಗೂ ಮುಟ್ಟುತ್ತದೆ. ಇಲ್ಲಿ ಹುಡುಕುವ ವಸ್ತು ದೊಡ್ಡದು, ಬಹುಮಟ್ಟಿಗೆ ಕಬ್ಬಿಣವೇ. ಆದರೆ ಅದು ದಪ್ಪವಾದ ಹಸಿ ಕಬ್ಬಿನ ರಾಶಿಯೊಡನೆ ಓಡುತ್ತಿರುತ್ತದೆ, ಸುತ್ತಲೂ ಉಕ್ಕಿನ ಯಂತ್ರಗಳಿರುತ್ತವೆ. ಆದುದರಿಂದ ಸಕ್ಕರೆಯ ಕಾರ್ಖಾನೆಗಳಲ್ಲಿ ಕಬ್ಬು ಸಾಗುವ ದಾರಿಯ ಮೇಲೆ ಬಲವಾದ ವಿದ್ಯುದಯಸ್ಕಾಂತವನ್ನು ತೂಗಿಬಿಟ್ಟು ಕಬ್ಬಿಣವನ್ನು ಸೆಳೆದು ತೆಗೆಯುತ್ತಾರೆ. ಸೂಕ್ಷ್ಮವಾದ ಕಿವಿ ಇಲ್ಲಿ ಬೇಡ. ಬಲವಾದ ಕೈ ಬೇಕು.

ಅದೇ ಕಾರ್ಖಾನೆಯ ಇನ್ನೊಂದು ತುದಿಯಲ್ಲಿ ಸಕ್ಕರೆಯನ್ನು ಚೀಲಕ್ಕೆ ತುಂಬುವಾಗ ಸ್ಥಿತಿಯು ತಿರುವುಮುರುವಾಗುತ್ತದೆ. ಅಲ್ಲಿ ಹುಡುಕಬೇಕಾದುದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರು. ಅದಕ್ಕೆ ಚೌಕವಾದ ಸುರಂಗದಂತಹ ಶೋಧಕವಿರುತ್ತದೆ; ಸರಕು ಅದರೊಳಗೆ ಹಾದುಹೋಗುತ್ತದೆ. ಸುರಂಗದ ಬಾಯಿ ಸರಕಿಗೆ ಬೇಕಾದುದಕ್ಕಿಂತ ಅಗಲವಾದರೆ ಸೂಕ್ಷ್ಮತೆ ಕುಂದುತ್ತದೆ. ತುಕ್ಕು ಹಿಡಿಯದ ಉಕ್ಕು ಇಲ್ಲಿ ಅತಿ ಕಠಿನವಾದ ಬೇಟೆ. ಅದರ ಹಲವು ಬಗೆಗಳಿಗೆ ಕಾಂತಗುಣವಿಲ್ಲ, ವಾಹಕತೆಯೂ ಕಡಮೆ. ಸರಕಿನ ಸ್ವಭಾವವೂ ಮುಖ್ಯ: ಒಣ ಸಕ್ಕರೆ ಮೌನವಾಗಿರುತ್ತದೆ, ತೇವವೂ ಉಪ್ಪೂ ಸೇರಿದ ಉಪ್ಪಿನಕಾಯಿಯಂತಹ ಪದಾರ್ಥವು ತಾನೇ ವಿದ್ಯುತ್ತನ್ನು ಹರಿಯಗೊಟ್ಟು ಲೋಹದಂತೆ ದನಿಗೊಡುತ್ತದೆ. ಸಕ್ಕರೆಗೆ ಸರಿಮಾಡಿದ ಯಂತ್ರವನ್ನು ಉಪ್ಪಿನಕಾಯಿಗೆ ಹಾಗೆಯೇ ಬಳಸಿದರೆ ಒಳ್ಳೆಯ ಸರಕೆಲ್ಲ ಕೆಟ್ಟದ್ದೆಂದು ಹೊರಬೀಳುತ್ತದೆ.

ಮಂಡ್ಯದಿಂದ ಬೆಂಗಳೂರಿನ ಹಾದಿಯಲ್ಲಿ ಮುಂದೆ ಬಂದರೆ ಮದ್ದೂರು ತಾಲ್ಲೂಕು. ಇದು ಹಾಲಿನ ಸೀಮೆಯೂ ಹೌದು. ಜಿಲ್ಲೆಯ ಹಾಲು ಒಕ್ಕೂಟದ ಡೈರಿ ಇರುವುದು ಈ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹಸುವು ಮೇವನ್ನು ನುಣ್ಣಗೆ ಅಗಿದು ನುಂಗುವುದಿಲ್ಲ. ಮೊದಲು ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಆದುದರಿಂದ ಹುಲ್ಲಿನಲ್ಲಿ ಸೇರಿದ ಮೊಳೆ, ತಂತಿ, ಸೂಜಿ ಅದರ ಬಾಯಿಗೆ ತಿಳಿಯದೆ ಒಳಗೆ ಇಳಿಯುತ್ತವೆ. ಭಾರವಾದ ಈ ವಸ್ತುಗಳು ಬಲೆಯಂತಹ ಒಳಮೈಯುಳ್ಳ ಜಾಲಜಠರದಲ್ಲಿ ಹೋಗಿ ನಿಲ್ಲುತ್ತವೆ. ಆ ಜಠರವು ಹಿಂಡಿದಾಗಲೆಲ್ಲ ಮೊನೆಯಾದ ತಂತಿ ಮುಂದಕ್ಕೆ ಚುಚ್ಚಬಹುದು. ಮುಂದಿರುವುದು ವಪೆ, ಅದರಾಚೆ ಹೃದಯ. ಮೇವು ಬಿಟ್ಟು, ಬೆನ್ನು ಗೂನು ಮಾಡಿ ನಿಂತು, ಹಾಲು ಇಳಿಸಿದ ಹಸುವಿನ ಪ್ರಾಣ ಹೀಗೆ ಒಂದು ಗೇಣು ತಂತಿಯ ತುದಿಯಲ್ಲಿ ತೂಗಾಡುತ್ತದೆ. ಒಂದೆರಡು ಹಸುಗಳ ಹಾಲಿನಿಂದಲೇ ಸಂಸಾರ ಸಾಗಿಸುವ ಮನೆಗೆ ಇದು ಸಣ್ಣ ವಿಷಯವಲ್ಲ.

ಇಲ್ಲಿ ಪಶುವೈದ್ಯರು ಬಳಸುವ ಲೋಹಶೋಧಕವು ನೆಲದ ಯಂತ್ರದಂತಲ್ಲ. ಮಣ್ಣಿನ ಗದ್ದಲವಿಲ್ಲದುದರಿಂದ ಅದನ್ನು ಅಡಗಿಸುವ ಏರ್ಪಾಡು ಬೇಡ. ಹಸುವಿನ ಎಡ ಮೊಣಕೈಯ ಹಿಂದೆ, ಎದೆಯ ಕೆಳಭಾಗಕ್ಕೆ ಒತ್ತಿ ಹಿಡಿಯಬಲ್ಲ ಸಣ್ಣ ತಲೆ ಬೇಕು. ವಿಂಗಡಣೆ ಬೇಡವೇ ಬೇಡ. ಕಬ್ಬಿಣವೇ ಇಲ್ಲಿ ಮುಖ್ಯ ವೈರಿ. ಆದರೆ ಹಸುವನ್ನು ನಿಲ್ಲಿಸಿರುವ ಕಬ್ಬಿಣದ ಕೊಳವೆಯ ಚೌಕಟ್ಟು, ಕೊರಳ ಸರಪಣಿ, ಗಂಟೆ ಇವು ಬೆಲ್ಲನನ್ನು ವಂಚಿಸಿದ ಹಾಸಿಗೆಯ ತಂತಿಗಳ ಕೆಲಸವನ್ನೇ ಮಾಡುತ್ತವೆ. ಹಸುವನ್ನು ಬಯಲಿನಲ್ಲಿ, ಹಗ್ಗದಿಂದ ಹಿಡಿದು ನಿಲ್ಲಿಸಿ ನೋಡುವುದು ಮೇಲು. ಇನ್ನೊಂದು ಎಚ್ಚರಿಕೆ: ಯಂತ್ರವು ಲೋಹವಿದೆ ಎನ್ನುತ್ತದೆಯೇ ಹೊರತು ಅದು ಚುಚ್ಚಿದೆ ಎನ್ನುವುದಿಲ್ಲ. ಆರೋಗ್ಯವಾಗಿರುವ ಹಸುಗಳ ಹೊಟ್ಟೆಯಲ್ಲಿಯೂ ಲೋಹದ ಚೂರುಗಳು ತೊಂದರೆ ಕೊಡದೆ ಬಿದ್ದಿರುವುದುಂಟು. ಚೂರುಗಳನ್ನು ಹಿಡಿದಿಡಲೆಂದು ಬೆರಳುದ್ದದ ಅಯಸ್ಕಾಂತವೊಂದನ್ನು ಹಸುವಿಗೆ ನುಂಗಿಸುವ ಕ್ರಮವಿದೆ. ಹಾಗೆ ನುಂಗಿಸಿದ್ದರೆ ಶೋಧಕವು ಆ ಅಯಸ್ಕಾಂತಕ್ಕೇ ಕೂಗುತ್ತದೆ. ಆಗ ಎದೆಯ ಬಳಿ ಒಂದು ದಿಕ್ಸೂಚಿಯನ್ನು ಹಿಡಿದರೆ ಅದರ ಮುಳ್ಳು ತಿರುಗಿ ಸಂಗತಿಯನ್ನು ಹೊರಗೆಡಹುತ್ತದೆ. ಅನೇಕ ರೂಪಾಯಿಗಳ ಯಂತ್ರಕ್ಕೆ ಸಾಧ್ಯವಾಗದ ನಿರ್ಣಯವನ್ನು ಕೆಲವೊಮ್ಮೆ ಮಕ್ಕಳ ಆಟದ ದಿಕ್ಸೂಚಿಯು ಮಾಡುತ್ತದೆ.

ಮೂರನೆಯದು ಮಳವಳ್ಳಿ. 1799ನೆಯ ಇಸವಿ ಮಾರ್ಚ್ 27ರಂದು, ಮದರಾಸಿನ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ನಡೆದುಬರುತ್ತಿದ್ದ ಜನರಲ್ ಹ್ಯಾರಿಸನ ಸೇನೆಯನ್ನು ಟೀಪೂ ಸುಲ್ತಾನನು ಮಳವಳ್ಳಿಯ ಬಳಿ ಎದುರಿಸಿ ಹಿಂದೆಗೆದನು. ಮುಂದೆ ವೆಲಿಂಗ್ಟನ್ ಡ್ಯೂಕನಾದ ಆರ್ಥರ್ ವೆಲ್ಲೆಸ್ಲಿಯು ಅಂದು ಇಂಗ್ಲಿಷರ ಎಡಪಕ್ಷದಲ್ಲಿ ಹೋರಾಡಿದನು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಕಾಗದದ ಮೇಲಿನ ಚರಿತ್ರೆ ಬಹುಮಟ್ಟಿಗೆ ಗೆದ್ದವರು ಬರೆದುದು. ಮಣ್ಣಿನೊಳಗಿನ ಚರಿತ್ರೆಗೆ ಆ ಪಕ್ಷಪಾತವಿಲ್ಲ. ಇಂತಹ ರಣರಂಗದಲ್ಲಿ ಉಳಿಯಬಹುದಾದ ವಸ್ತುಗಳೆಂದರೆ ಬಂದೂಕಿನ ಸೀಸದ ಗುಂಡುಗಳು, ಹಿತ್ತಾಳೆಯ ಗುಂಡಿಗಳು, ಫಿರಂಗಿಯ ಕಬ್ಬಿಣದ ಗುಂಡುಗಳು, ಮೈಸೂರಿನ ಹೆಸರನ್ನು ಜಗತ್ತಿಗೆ ಹರಡಿದ ಬಾಣಗಳ, ಎಂದರೆ ರಾಕೆಟ್ಟುಗಳ, ಕಬ್ಬಿಣದ ಕೊಳವೆಗಳು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಂದು ಪಾಳುಬಾವಿಯ ಕೆಸರಿನಿಂದ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತುದನ್ನು ಅನೇಕರು ಬಲ್ಲರು.

ಇಲ್ಲಿಗೆ ಯಾವ ಯಂತ್ರ ತಕ್ಕುದು? ಇಂಗ್ಲಿಷರ ಬಂದೂಕಿನ ಗುಂಡು ಸುಮಾರು 17 ಮಿಲಿಮೀಟರ್ ಅಡ್ಡಳತೆಯದು. ಮಧ್ಯಮ ವೇಗದ ಕಂಪನವೂ ಮಧ್ಯಮ ಅಳತೆಯ ಸುರುಳಿಯೂ ಅದಕ್ಕೆ ಸಾಕು. ಉತ್ತ ಹೊಲದಲ್ಲಿ ನೇಗಿಲು ಮೇಲೆ ಕೆಳಗೆ ಮಾಡಿದ ಪದರವು ಸುಮಾರು ಒಂದು ಗೇಣಿನದಾದ್ದರಿಂದ ಆ ಪದರದ ಗುಂಡುಗಳು ಯಂತ್ರದ ಕೈಗೆ ಎಟಕುತ್ತವೆ. ಇನ್ನು ನೆಲ. ಈ ಸೀಮೆಯ ಮಳೆಯಾಧಾರದ ಹೊಲಗಳಲ್ಲಿ ಕೆಂಪುಮಣ್ಣೇ ಹೆಚ್ಚು. ಮಣ್ಣು ಕೆಂಪಾದ ಮಾತ್ರಕ್ಕೆ ಯಂತ್ರಕ್ಕೆ ವಿರೋಧಿಯೆಂದು ತಿಳಿಯಬಾರದು. ಕೆಂಪು ಬಣ್ಣ ಕೊಡುವ ಹೆಮಟೈಟಿನ ಕಾಂತಗುಣ ಬಹು ಕಡಮೆ; ತೊಂದರೆ ಕೊಡುವುದು ಮ್ಯಾಗ್ನಟೈಟು ಮತ್ತು ಅದರ ಜಾತಿಯ ಖನಿಜಗಳು. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಒಣಮಣ್ಣಿನಲ್ಲಿ ಎಳೆದು ನೋಡಿದರೆ ಕಪ್ಪು ಹರಳುಗಳ ಗಡ್ಡ ಬೆಳೆಯುತ್ತದೆಯೋ ಇಲ್ಲವೋ ಎಂಬುದರಿಂದ ನೆಲದ ಗುಣ ತಿಳಿಯುತ್ತದೆ. ನೈಸ್ ಬಂಡೆಯ ಮೇಲಿನ ಮಣ್ಣು ಸಾಧಾರಣವಾಗಿ ಸೌಮ್ಯ; ಅದನ್ನು ಸೀಳಿಕೊಂಡು ಬರುವ ಕಪ್ಪು ಡಾಲರೈಟ್ ಬಂಡೆಯ ಚೂರುಗಳಿರುವಲ್ಲಿ ಯಂತ್ರವು ಕಲ್ಲಿಗೇ ಕೂಗಬಹುದು. ಅಂತಹ ಕಡೆ ಯಂತ್ರವನ್ನು ಹೆಜ್ಜೆಹೆಜ್ಜೆಗೂ ನೆಲದೊಡನೆ ಸಮತೂಕಕ್ಕೆ ತರಬೇಕು. ಆಗಲೂ ಗದ್ದಲ ನಿಲ್ಲದಿದ್ದರೆ ಮಿಡಿತದ ಯಂತ್ರಕ್ಕೆ ಮೊರೆಹೋಗಬೇಕು.

ನಾಲೆಯ ನೀರುಣ್ಣುವ ಗದ್ದೆಯ ಕಥೆ ಬೇರೆ. ನೀರು ಬಸಿಯದೆ ನಿಂತ ತಗ್ಗುಗಳಲ್ಲಿ ಉಪ್ಪು ಮೇಲಕ್ಕೆದ್ದು ನೆಲ ಚೌಳಾಗುತ್ತದೆ. ಒದ್ದೆಯಾದ ಚೌಳು ಮಣ್ಣು ಕಡಲತೀರದ ಮರಳಿನಂತೆ ವಿದ್ಯುತ್ತನ್ನು ಹರಿಯಗೊಡುತ್ತದೆ. ಅಲ್ಲಿ ಹೆಚ್ಚು ವೇಗದ ಯಂತ್ರ ನಿರುಪಯೋಗಿ. ಕಡಮೆ ವೇಗದ್ದೋ ಮಿಡಿತದ್ದೋ ಆಗಬೇಕು, ಅಥವಾ ಮಣ್ಣು ಒಣಗುವವರೆಗೆ ಕಾಯಬೇಕು. ಅಲ್ಲದೆ ನೀರಾವರಿಗಾಗಿ ಮಟ್ಟಮಾಡಿದ ನೆಲದಲ್ಲಿ ಒಂದು ಕಡೆಯ ಮಣ್ಣು ಇನ್ನೊಂದು ಕಡೆಗೆ ಹೋಗಿರುವುದರಿಂದ ಗುಂಡು ಸಿಕ್ಕಿದರೂ ಅದು ಬಿದ್ದ ಸ್ಥಳ ಸಿಕ್ಕಿದಂತಾಗಲಿಲ್ಲ. ಹೈ ಟೆನ್ಷನ್ ತಂತಿಗಳ ಕೆಳಗೆ ಯಂತ್ರವು ವೃಥಾ ಗೊಣಗುವುದೂ ಉಂಟು. ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ತು ಹೊರಟ ಈ ತಾಲ್ಲೂಕಿನಲ್ಲಿ ಈ ಮಾತನ್ನು ಮರೆಯಲಾಗದು.

ಇನ್ನು ವಿಂಗಡಣೆಯ ವಿಚಾರ. ನಾಣ್ಯದ ಆಸೆಯುಳ್ಳವನು ಕಬ್ಬಿಣದ ದನಿಯನ್ನು ಅಡಗಿಸಿಟ್ಟು ನಡೆಯುತ್ತಾನೆ. ಗುಳದ ಚೂರು, ಲಾಳದ ಮೊಳೆಗಳ ಕಾಟ ಅವನಿಗೆ ತಪ್ಪುತ್ತದೆ. ರಣರಂಗದಲ್ಲಿ ಹೀಗೆ ಮಾಡಿದರೆ ಸೀಸದ ಗುಂಡು ಸಿಕ್ಕೀತು, ರಾಕೆಟ್ಟಿನ ಕೊಳವೆಯೂ ಫಿರಂಗಿಯ ಗುಂಡೂ ಉಳಿದುಹೋಗುತ್ತವೆ. ಎಂದರೆ ಇಂಗ್ಲಿಷರ ಬಂದೂಕಿನ ಸಾಕ್ಷ್ಯವನ್ನು ಎತ್ತಿಕೊಂಡು ಸುಲ್ತಾನನ ಬಾಣದ ಸಾಕ್ಷ್ಯವನ್ನು ಕೈಬಿಟ್ಟಂತಾಗುತ್ತದೆ. ಯಂತ್ರದ ಒಂದು ಗುಬುಟನ್ನು ತಿರುಗಿಸುವುದರಲ್ಲಿಯೇ ಚರಿತ್ರೆಯು ಮತ್ತೊಮ್ಮೆ ಒಂದು ಪಕ್ಷಕ್ಕೆ ವಾಲಬಹುದು.

ಈ ಬಗೆಯ ಶೋಧವನ್ನು ಸರಿಯಾಗಿ ನಡೆಸಿದರೆ ಏನು ಫಲವೆಂಬುದಕ್ಕೆ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ ಉತ್ತರವಿದೆ. 1876ರಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಕಸ್ಟರನೆಂಬ ಅಧಿಕಾರಿಯೂ ಅವನ ಜೊತೆಗಿದ್ದ ದಂಡೂ ಮಡಿದುದರಿಂದ ಆ ಕಡೆಯ ಕಥೆ ಹೇಳುವ ಸೈನಿಕನೇ ಉಳಿದಿರಲಿಲ್ಲ. 1983ರ ಕಾಳ್ಗಿಚ್ಚಿನಲ್ಲಿ ಹುಲ್ಲು ಉರಿದು ನೆಲ ಬಯಲಾದ ಮೇಲೆ, 1984ರಿಂದ ಪ್ರಾಕ್ತನಶಾಸ್ತ್ರಜ್ಞರು ಲೋಹಶೋಧಕಗಳೊಡನೆ ಸಾಲಾಗಿ ನಡೆದು, ದನಿ ಬಂದಲ್ಲೆಲ್ಲ ಗುರುತಿನ ಬಾವುಟ ನೆಟ್ಟು, ಪ್ರತಿಯೊಂದು ವಸ್ತುವಿನ ಸ್ಥಳವನ್ನೂ ನಕ್ಷೆಯಲ್ಲಿ ಬರೆದರು. ತೋಟಾಗಳ ಹಿಂಬದಿಯಲ್ಲಿನ ಗುರುತುಗಳಿಂದ ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದು ತಿಳಿದುಬಂದಿತು. ಅಲ್ಲಿ ಬೆಲೆಯುಳ್ಳದ್ದು ವಸ್ತುವಲ್ಲ, ಅದರ ಸ್ಥಾನ. ಕಿತ್ತು ಜೇಬಿಗೆ ಹಾಕಿಕೊಂಡ ಗುಂಡು ಬರಿಯ ಸೀಸದ ಉಂಡೆ. ನಕ್ಷೆಯಲ್ಲಿ ಗುರುತಿಸಿದ ಗುಂಡು ಒಂದು ವಾಕ್ಯ.

ಈ ಮಾತು ನಮ್ಮ ನಾಡಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನಿಧಿಯ ಆಸೆಯಿಂದ ಪಾಳುಗುಡಿಗಳ ಗರ್ಭಗುಡಿಯನ್ನೂ ವೀರಗಲ್ಲುಗಳ ಬುಡವನ್ನೂ ಅಗೆದು ಕೆಡಿಸಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಮೈಲಿ ದೂರದ ಚಿನ್ನವನ್ನು ತೋರಿಸುತ್ತದೆಂದು ಹೇಳಿ ಕಡ್ಡಿ ತಿರುಗುವ ಪೆಟ್ಟಿಗೆಗಳನ್ನು ಮಾರುವವರಿದ್ದಾರೆ. ದೂರ ಇಮ್ಮಡಿಯಾದರೆ ದನಿ 64ರಲ್ಲಿ ಒಂದಾಗುತ್ತದೆಂಬ ಲೆಕ್ಕವನ್ನು ಬಲ್ಲವನು ಇದಕ್ಕೆ ಮರುಳಾಗಲಾರನು. ಇಂತಹ ಕಡ್ಡಿಯ ಪೆಟ್ಟಿಗೆಯನ್ನೇ ಎ.ಡಿ.ಇ. 651 ಎಂಬ ಹೆಸರಿನಲ್ಲಿ, ಸಿಡಿಮದ್ದನ್ನು ಕಂಡುಹಿಡಿಯುವ ಯಂತ್ರವೆಂದು ಇರಾಕಿಗೆ ಮಾರಿದವನಿಗೆ ಬ್ರಿಟನ್ನಿನ ನ್ಯಾಯಾಲಯವು 2013ರಲ್ಲಿ ಹತ್ತು ವರ್ಷದ ಸೆರೆ ವಿಧಿಸಿತು. ಆ ಪೆಟ್ಟಿಗೆಯನ್ನು ನಂಬಿ ಕಾವಲು ನಿಂತವರ ಪ್ರಾಣಕ್ಕೆ ಬೆಲೆ ಕಟ್ಟುವವರಾರು? ಕಾನೂನಿನ ಮಾತನ್ನೂ ನೆನಪಿಡಬೇಕು. ನೆಲದಲ್ಲಿ ಹತ್ತು ರೂಪಾಯಿಗೆ ಮೀರಿದ ನಿಕ್ಷೇಪ ಸಿಕ್ಕಿದವನು ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ಕಾಯಿದೆಯೇ ವಿಧಿಸಿತು. ಸಂರಕ್ಷಿತ ಸ್ಮಾರಕಗಳ ನೆಲವನ್ನು ಅಪ್ಪಣೆಯಿಲ್ಲದೆ ಅಗೆಯುವುದನ್ನು 1958ರ ಕಾಯಿದೆಯು ನಿಷೇಧಿಸುತ್ತದೆ. ಹೊಲ ಉಳುವಾಗ ಹಳೆಯ ಕಬ್ಬಿಣದ ಗುಂಡೋ ಕೊಳವೆಯೋ ಎದ್ದರೆ ಅದನ್ನು ಬಡಿದು ನೋಡದೆ, ಮದ್ದು ಉಳಿದಿರಬಹುದೆಂದು ಎಣಿಸಿ, ಸ್ಥಳವನ್ನು ಗುರುತಿಟ್ಟು ಅಧಿಕಾರಿಗಳಿಗೆ ತಿಳಿಸುವುದು ಕ್ಷೇಮಕರ.

ಹಾಗಾದರೆ ಲೋಹಶೋಧಕವನ್ನು ಕೊಳ್ಳಹೊರಟ ಪಶುವೈದ್ಯಶಾಲೆಯವರಾಗಲಿ ಕಾರ್ಖಾನೆಯವರಾಗಲಿ ಪ್ರಾಕ್ತನ ಸಂಶೋಧಕರಾಗಲಿ ಮಾಡಬೇಕಾದ ಪರೀಕ್ಷೆ ಸುಲಭವಾದುದು. ತಾವು ಹುಡುಕುವ ವಸ್ತುವಿನಂತಹದೇ ಒಂದನ್ನು ತಾವು ಹುಡುಕುವ ನೆಲದಂತಹದರಲ್ಲಿಯೇ ಅಳತೆಯ ಆಳದಲ್ಲಿ ಹುಗಿದು, ಮಳೆ ಬಿದ್ದ ದಿನವೂ ಒಣಗಿದ ದಿನವೂ ಯಂತ್ರವನ್ನು ಅದರ ಮೇಲೆ ಆಡಿಸಿ ನೋಡಬೇಕು. ಅಂಗಡಿಯ ಮೇಜಿನ ಮೇಲೆ ನಾಣ್ಯವಿಟ್ಟು ತೋರಿಸುವ ಪರೀಕ್ಷೆಗೆ ಬೆಲೆಯಿಲ್ಲ. ಗಾಳಿಯಲ್ಲಿ ಎಲ್ಲ ಯಂತ್ರಗಳೂ ಪಂಡಿತರೇ. ಬೀಜಕ್ಕೆ ತಕ್ಕ ನೆಲವನ್ನು ನೋಡಿಕೊಳ್ಳುವ ವಿವೇಕವು ಮಂಡ್ಯದ ರೈತನಿಗೆ ಯಾರೂ ಕಲಿಸಿಕೊಟ್ಟುದಲ್ಲ. ಅದೇ ವಿವೇಕವನ್ನು ಯಂತ್ರದ ವಿಚಾರದಲ್ಲಿಯೂ ಇಟ್ಟುಕೊಂಡರೆ ಗಾಣವೂ ಉಳಿಯುತ್ತದೆ, ಹಸುವೂ ಉಳಿಯುತ್ತದೆ, ಮಳವಳ್ಳಿಯ ಮಣ್ಣು ಇನ್ನೂ ಹೇಳದೆ ಇಟ್ಟುಕೊಂಡಿರುವ ಮಾತುಗಳೂ ಕೇಳುವವರಿಗಾಗಿ ಉಳಿಯುತ್ತವೆ.